ಬರೆದಿಟ್ಟ ಬಿಪಿ ಯಾರ ಕಣ್ಣಿಗಾದರೂ ಬೀಳಬೇಕು: ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಿಭಾಗಕ್ಕೊಂದು ಸಮಗ್ರ ಮಾರ್ಗದರ್ಶಿ

ರಾತ್ರಿ ಎರಡೂವರೆ ಗಂಟೆ. ನಾನು ಆಗ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಯಲ್ಲಿದ್ದೆ. ಹತ್ತೊಂಬತ್ತು ವರ್ಷದ ಹುಡುಗಿ, ಚೊಚ್ಚಲ ಹೆರಿಗೆ. ತವರಿಗೆ ಬಂದು ಎಂಟು ದಿನ ಆಗಿತ್ತು. ಆಟೋದಿಂದ ಇಳಿಸುವಾಗಲೇ ಫಿಟ್ಸ್ ಬಂತು. ಬಸುರಿನ ತಪಾಸಣೆಯೆಲ್ಲ ಬರೆದಿರುವ ತಾಯಿ ಕಾರ್ಡ್ ಎಲ್ಲಿದೆಯಮ್ಮ ಅಂದರೆ, ಅತ್ತೆ ಮನೆಯಲ್ಲೇ ಉಳೀತು ಅಂದರು ಅವಳ ತಾಯಿ.

ಆಮೇಲೆ ವಿಚಾರಿಸಿದಾಗ ಗೊತ್ತಾಯಿತು. ಎರಡು ವಾರದ ಹಿಂದೆಯೇ ಗಂಡನ ಊರಿನ ಉಪಕೇಂದ್ರದ ರಿಜಿಸ್ಟರಿನಲ್ಲಿ ಅವಳ ಬಿಪಿ 150/100 ಅಂತ ನೀಟಾಗಿ ಬರೆದಿತ್ತು. ಬಸುರಿಯಲ್ಲಿ ಇಷ್ಟು ಬಿಪಿ ಅಂದರೆ ಮುಂದೆ ಫಿಟ್ಸ್ ಬರಬಹುದು ಅನ್ನುವ ಎಚ್ಚರಿಕೆ. ಅಳೆದವರು ಸರಿಯಾಗಿಯೇ ಅಳೆದಿದ್ದರು, ಬರೆದವರು ಸರಿಯಾಗಿಯೇ ಬರೆದಿದ್ದರು. ಅದು ನಮ್ಮ ತನಕ ಬರಲೇ ಇಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ಈ ಫಿಟ್ಸ್‌ಗೆ ಕೊಡುವ ಔಷಧ ಮ್ಯಾಗ್ನೀಷಿಯಂ ಸಲ್ಫೇಟ್ ನಮ್ಮ ಬೀರುವಿನಲ್ಲೇ ಇತ್ತು. ಎಷ್ಟು ಆಂಪೂಲ್ ಒಡೆಯಬೇಕು ಅಂತ ಲೆಕ್ಕ ಹಾಕುವುದರಲ್ಲೇ ನಮ್ಮಿಬ್ಬರಿಗೆ ನಾಲ್ಕು ನಿಮಿಷ ಹೋಯಿತು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಆವತ್ತು ತಪ್ಪಿದ್ದು ಎರಡು ಕಡೆ, ದಾಖಲೆಯಲ್ಲಿ ಮತ್ತು ಕೈಯ ಅಭ್ಯಾಸದಲ್ಲಿ. ಇವೆರಡೂ ಬೇರೆ ಬೇರೆ ಕೆಲಸ ಅಂತ ನಾವು ಅಂದುಕೊಂಡಿದ್ದೇವೆ. ತರಬೇತಿ ಸಿಸ್ಟರ್‌ಗಳಿಗೆ, ಕಂಪ್ಯೂಟರ್ ಡೇಟಾ ಎಂಟ್ರಿ ಆಪರೇಟರ್‌ಗೆ ಅಂತ ಹಂಚಿಬಿಟ್ಟಿದ್ದೇವೆ. ನನ್ನ ಅನುಭವದಲ್ಲಿ ಇದು ಒಂದೇ ಕೆಲಸ. ತಾಯಿಯನ್ನು ಮುಟ್ಟಿ ನೋಡಿದವರೇ ಆಗಿಂದಾಗ್ಗೆ ಬರೆಯಬೇಕು. ಬರೆದಿದ್ದನ್ನು ನೋಡಿಕೊಂಡೇ ಮುಂದಿನ ತರಬೇತಿ ನಡೆಯಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರಗಳ ವೈದ್ಯರು, ಲೇಬರ್ ರೂಮ್ ಇನ್‌ಚಾರ್ಜ್ ಸಿಸ್ಟರ್‌ಗಳು ಇದನ್ನು ಹೇಗೆ ಮಾಡಬಹುದು ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ತೀರಿಕೊಂಡರು. ದೇಶದ ಸರಾಸರಿ 97. ನಾವು ವಾಸಿ ಅಂತ ಸಮಾಧಾನ ಪಡುವಂತಿಲ್ಲ, ಅದೇ ಲೆಕ್ಕದಲ್ಲಿ ಕೇರಳದ್ದು 19.

ಹೆಜ್ಜೆ 1: ಮೊದಲ ವಾರ ಏನೂ ಬದಲಿಸಬೇಡಿ, ಸುಮ್ನೆ ನೋಡಿ

ಒಂದು ನೋಟ್‌ಬುಕ್ ಹಿಡಿದು ಲೇಬರ್ ರೂಮಿನಲ್ಲಿ ಕುಳಿತುಕೊಳ್ಳಿ. ಹಗಲು ಎರಡು ದಿನ, ರಾತ್ರಿ ಎರಡು ದಿನ. ರಾತ್ರಿ ತಪ್ಪಿಸಬೇಡಿ. ಹಗಲು ಕಾಣದ ಆಸ್ಪತ್ರೆಯೇ ರಾತ್ರಿ ಕಾಣುತ್ತದೆ.

ಮೊದಲು ಒಬ್ಬ ತಾಯಿಯ ಹೆಸರನ್ನು ಎಷ್ಟು ಕಡೆ ಬರೆಯುತ್ತಾರೆ ಅಂತ ಎಣಿಸಿ. ಅಡ್ಮಿಷನ್ ರಿಜಿಸ್ಟರ್, ಕೇಸ್ ಶೀಟ್, ಹೆರಿಗೆ ರಿಜಿಸ್ಟರ್, ತಾಯಿ ಕಾರ್ಡ್, ಜನನಿ ಸುರಕ್ಷಾ ಪುಸ್ತಕ, ಔಷಧದ ಪುಸ್ತಕ, ಲಸಿಕೆ ಪುಸ್ತಕ, ತಾಯಿ-ಮಗುವಿನ ಆರೋಗ್ಯದ ಸರ್ಕಾರಿ ಆರ್‌ಸಿಎಚ್ ಪೋರ್ಟಲ್, ಜನನ ನೋಂದಣಿಯ ಇ-ಜನ್ಮ, ಡಿಸ್ಚಾರ್ಜ್ ಪುಸ್ತಕ. ನಾನು ಒಂದು ಕಡೆ ಎಣಿಸಿದಾಗ ಹನ್ನೊಂದು ಆಯಿತು. ಹನ್ನೊಂದು ಸಲ ಹೆಸರು ಬರೆಯುವ ಸಿಸ್ಟರ್‌ಗೆ ಹದಿನೈದು ನಿಮಿಷಕ್ಕೊಮ್ಮೆ ನಾಡಿ ನೋಡಲು ಪುರಸೊತ್ತು ಎಲ್ಲಿಂದ ಬರಬೇಕು?

ಎರಡನೆಯದು ಸಾಮಾನು. ಬಿಪಿ ಮೆಷಿನ್ ಎಷ್ಟಿವೆ, ಕೆಲಸ ಮಾಡುವುದು ಯಾವುದು? ಹೆರಿಗೆ ಆದ ಮೇಲೆ ರಕ್ತ ನಿಲ್ಲಲು ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ಫ್ರಿಜ್‌ನಲ್ಲಿದೆಯೋ ಕಿಟಕಿ ಪಕ್ಕದ ಟ್ರೇಯಲ್ಲಿದೆಯೋ? ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧ. ಬೇಸಿಗೆಯಲ್ಲಿ ಪಾವಗಡದಲ್ಲೋ ಬಾಗೇಪಲ್ಲಿಯಲ್ಲೋ ದಿನಗಟ್ಟಲೆ ಹೊರಗಿಟ್ಟರೆ ಅದರ ಶಕ್ತಿ ಇಳಿಯುತ್ತದೆ. ಇಂಜೆಕ್ಷನ್ ಕೊಟ್ಟಿದ್ದೇವೆ, ರಕ್ತ ಮಾತ್ರ ನಿಲ್ಲುತ್ತಿಲ್ಲ ಅಂತ ಗಾಬರಿಪಡುವ ಹೊತ್ತಿಗೆ ಈ ಫ್ರಿಜ್ಜಿನ ನೆನಪು ಯಾರಿಗೂ ಬರುವುದಿಲ್ಲ.

ಮೂರನೆಯದು, ಆಯಾಗಳನ್ನು ಕೇಳಿ. ಯಾವ ಟೇಬಲ್ಲಿನ ದೀಪ ಉರಿಯುವುದಿಲ್ಲ, ಆಕ್ಸಿಜನ್ ಸಿಲಿಂಡರ್ ಕೀಲಿ ಯಾರ ಹತ್ತಿರ ಇರುತ್ತದೆ, ಇಂಥದ್ದೆಲ್ಲ ಅವರಿಗೇ ಗೊತ್ತು.

ಹೆಜ್ಜೆ 2: ಐದೇ ವಿಷಯ ಹಿಡಿಯಿರಿ

ಎಲ್ಲವನ್ನೂ ಒಟ್ಟಿಗೆ ಸರಿಮಾಡಲು ಹೋದರೆ ಯಾವುದೂ ಆಗುವುದಿಲ್ಲ. ಹೆರಿಗೆ ನಂತರದ ರಕ್ತಸ್ರಾವ, ಬಿಪಿ ಮತ್ತು ಫಿಟ್ಸ್, ಸೋಂಕು, ರಕ್ತಹೀನತೆ, ಹುಟ್ಟಿದ ಕೂಡಲೇ ಉಸಿರಾಡದ ಮಗು. ಮೊದಲ ಆರು ತಿಂಗಳಿಗೆ ಇಷ್ಟು ಸಾಕು.

ಪಟ್ಟಿಯನ್ನು ಹೊಸದಾಗಿ ನೀವೇ ಮಾಡಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟ್ ಇದೆ. ಅದರಲ್ಲಿ 29 ಅಂಶ. ನಿಂತು ನೋಡಬೇಕಾದ ಹೊತ್ತು ನಾಲ್ಕು: ದಾಖಲಾದಾಗ, ತಾಯಿ ಮುಕ್ಕಿ ಮಗುವನ್ನು ಹೊರತಳ್ಳುವುದಕ್ಕೆ ಸ್ವಲ್ಪ ಮುಂಚೆ, ಹೆತ್ತ ಒಂದು ಗಂಟೆಯೊಳಗೆ, ಮನೆಗೆ ಕಳಿಸುವ ಮುಂಚೆ. ಇದನ್ನು ಉತ್ತರ ಪ್ರದೇಶದಲ್ಲಿ ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದ್ದರು, ಫಲಿತಾಂಶ 2017ರಲ್ಲಿ ಬಂತು. ಪಕ್ಕದಲ್ಲಿ ನಿಂತು ಹೇಳಿಕೊಡುವವರು ಇದ್ದಾಗ ಸಿಸ್ಟರ್‌ಗಳ ಕೆಲಸ ಚೆನ್ನಾಗಿ ಸುಧಾರಿಸಿತು. ಹೇಳಿಕೊಡುವವರ ಭೇಟಿ ನಿಂತ ಮೇಲೆ ಸುಧಾರಣೆ ಇಳಿಯಿತು. ಸಾವಿನ ಪ್ರಮಾಣ ಮಾತ್ರ ಕಡಿಮೆಯಾಗಲಿಲ್ಲ. ನನಗೆ ಇದು ನಿರಾಸೆಯ ಸುದ್ದಿ ಅನಿಸಲಿಲ್ಲ. ಕಾಗದ ಗೋಡೆಗೆ ಅಂಟಿಸಿದರೆ ಆಗದು, ಕೈಗೆ ಅಭ್ಯಾಸ ಬೇಕು, ಔಷಧ ಬೇಕು, ರೆಫರಲ್ ಬೇಕು, ಎಲ್ಲ ಒಟ್ಟಿಗೆ ಬೇಕು ಅನ್ನುವುದನ್ನು ಅದು ನಮಗೆ ಮುಂಚೆಯೇ ಹೇಳಿದೆ.

ಹೆಜ್ಜೆ 3: ವಾರಕ್ಕೆರಡು ಸಲ, ಇಪ್ಪತ್ತು ನಿಮಿಷ

ಸರ್ಕಾರದ ದೊಡ್ಡ ತರಬೇತಿಗಳಿವೆ. ನುರಿತ ಹೆರಿಗೆ ಸಹಾಯಕರ ತರಬೇತಿ 21 ದಿನದ್ದು, ಲೇಬರ್ ರೂಮಿನವರ ಕೌಶಲ ಹೆಚ್ಚಿಸುವ ದಕ್ಷತಾ ತರಬೇತಿ ಮೂರು ದಿನದ್ದು. ಅವು ಬೇಕೇ ಬೇಕು. ಆದರೆ ತುಮಕೂರಿಗೆ ಹೋಗಿ ಕಲಿತು ಬಂದ ಸಿಸ್ಟರ್ ಆರು ತಿಂಗಳು ಒಂದೂ ಫಿಟ್ಸ್ ಕೇಸ್ ನೋಡದಿದ್ದರೆ, ಏಳನೇ ತಿಂಗಳು ಅವಳ ಕೈ ತಡವರಿಸುತ್ತದೆ. ಅದು ಅವಳ ತಪ್ಪಲ್ಲ. ಈಜು ಬಿಟ್ಟವರಿಗೂ ಹೀಗೇ ಆಗುತ್ತದೆ.

ಅದಕ್ಕೇ ತರಬೇತಿಯನ್ನು ಲೇಬರ್ ರೂಮಿಗೇ ತನ್ನಿ. ಮಧ್ಯಾಹ್ನ ಎರಡು ಗಂಟೆಗೆ ಬೆಳಗಿನ ಶಿಫ್ಟಿನವರು, ಮಧ್ಯಾಹ್ನದವರು ಇಬ್ಬರೂ ಇರುತ್ತಾರೆ. ಮಂಗಳವಾರ, ಶುಕ್ರವಾರ ಇಪ್ಪತ್ತು ನಿಮಿಷ. ಒಂದು ದಿನಕ್ಕೆ ಒಂದೇ ವಿಷಯ. ರಾತ್ರಿ ಶಿಫ್ಟಿನವರಿಗೆ ತಿಂಗಳಿಗೊಮ್ಮೆ ರಾತ್ರಿ ಎಂಟಕ್ಕೇ ಮಾಡಿ, ಅವರನ್ನು ನಿದ್ದೆಗೆಡಿಸಿ ಹಗಲು ಕರೆಸಬೇಡಿ. ಪಿಪಿಟಿ ಬೇಡ. ಊಟ ಆದ ಮೇಲೆ ಸ್ಲೈಡ್ ನೋಡಿ ಎಚ್ಚರ ಇದ್ದವರನ್ನು ನಾನು ಕಂಡಿಲ್ಲ.

ರಕ್ತಸ್ರಾವದ ಡ್ರಿಲ್ ಹೇಗೆ ಮಾಡುವುದು ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಹೆಚ್ಚು ಜೀವ ಉಳಿಯುವುದು ಇಲ್ಲೇ.

ಒಬ್ಬ ಸಿಸ್ಟರ್ ಟೇಬಲ್ ಮೇಲೆ ಮಲಗುತ್ತಾರೆ. ಒಂದು ಲೀಟರ್ ನೀರಿಗೆ ಕೆಂಪು ಬಣ್ಣ ಕಲಸಿ ಇಟ್ಟುಕೊಳ್ಳಿ. ಮೊದಲು ಅದರಲ್ಲಿ 300 ಎಂಎಲ್ ಅಳೆದು ಒಂದು ಸೀರೆ ತುಂಡಿನ ಮೇಲೆ ಸುರಿಯಿರಿ. ಎಷ್ಟಿರಬಹುದು ಅಂತ ಎಲ್ಲರನ್ನೂ ಕೇಳಿ. ನಾನು ಮಾಡಿಸಿದಾಗಲೆಲ್ಲ ಬಹುತೇಕ ಎಲ್ಲರೂ ಕಡಿಮೆಯೇ ಹೇಳಿದ್ದಾರೆ. ಇಪ್ಪತ್ತು ವರ್ಷ ಸರ್ವಿಸ್ ಆದವರೂ ಕೂಡ. ಬಟ್ಟೆ, ಹತ್ತಿ, ಬಕೆಟ್ ಎಲ್ಲ ರಕ್ತವನ್ನು ಮುಚ್ಚಿಡುತ್ತವೆ. ಆಮೇಲೆ ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಡ್ರೇಪ್ ತೋರಿಸಿ. ಸೊಂಟದ ಕೆಳಗೆ ಹಾಸಿದರೆ ರಕ್ತ ಅದರ ಚೀಲಕ್ಕೆ ಇಳಿಯುತ್ತದೆ, ಎಷ್ಟು ಅಂತ ಗೆರೆಯೇ ಹೇಳುತ್ತದೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಈ ಡ್ರೇಪಿನಿಂದ ಅಳೆದು, ಅಗತ್ಯ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಶುರು ಮಾಡಿದಾಗ ತೀವ್ರ ರಕ್ತಸ್ರಾವ ಮತ್ತು ಅದರ ಗಂಭೀರ ಪರಿಣಾಮಗಳು 60 ಶೇಕಡಾ ಇಳಿದವು. 2023ರಲ್ಲಿ ಈ ಫಲಿತಾಂಶ ಬಂತು.

ಈಗ ಡ್ರಿಲ್. ಮಗು ಹುಟ್ಟಿತು ಅಂತ ಕೂಗಿ, ಗಡಿಯಾರ ಶುರು ಮಾಡಿ. ಒಂದು ನಿಮಿಷದೊಳಗೆ ಆಕ್ಸಿಟೋಸಿನ್ 10 ಯೂನಿಟ್ ಸ್ನಾಯುವಿಗೆ. ಕಸ (ಮಾಸು) ಬಿತ್ತು, ಗರ್ಭಕೋಶ ಗಟ್ಟಿಯಾಗಲಿಲ್ಲ, ಕೆಂಪು ನೀರು ಏರುತ್ತಿದೆ. ಮೊದಲ ಸಿಸ್ಟರ್ ಹೊಟ್ಟೆ ಮೇಲೆ ಕೈಯಿಟ್ಟು ಗರ್ಭಕೋಶ ಉಜ್ಜಬೇಕು, ಅಲ್ಲಿಂದ ಕದಲುವಂತಿಲ್ಲ. ಎರಡನೆಯವರು ಐವಿ ಹಾಕಿ ಆಕ್ಸಿಟೋಸಿನ್ ಡ್ರಿಪ್ ಏರಿಸಬೇಕು, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಹತ್ತು ನಿಮಿಷದಲ್ಲಿ ನಿಧಾನವಾಗಿ ಕೊಡಬೇಕು. ಅದನ್ನು ಹೆರಿಗೆಯಾದ ಮೂರು ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು. ಆಯಾ ಡಾಕ್ಟರನ್ನು ಕರೆದು, 108ಕ್ಕೆ ಫೋನ್ ಹಚ್ಚಿ ಕೊಡಬೇಕು. ನಾಲ್ಕನೆಯವರು ಟ್ಯಾಬ್ ಅಥವಾ ಕೇಸ್ ಶೀಟ್ ಹಿಡಿದು ನಿಲ್ಲಬೇಕು. ಅವರ ಕೆಲಸ ಒಂದೇ: ಗಟ್ಟಿಯಾಗಿ ಸಮಯ ಹೇಳುತ್ತಾ ಬರೆಯುವುದು. "ಎರಡು ಹನ್ನೊಂದು, ಆಕ್ಸಿಟೋಸಿನ್ ಆಯ್ತು. ಎರಡು ಹದಿಮೂರು, ನಾಡಿ 112."

ನಾಲ್ಕು ಜನ ಇಲ್ಲದ ರಾತ್ರಿಗಳೇ ಜಾಸ್ತಿ, ಗೊತ್ತು. ಇಬ್ಬರೇ ಇದ್ದಾಗ ಹೇಗೆ ಅನ್ನುವ ಡ್ರಿಲ್ಲನ್ನೂ ಬೇರೆಯಾಗಿ ಮಾಡಿ. ಆಗ ಬರೆಯುವ ಕೆಲಸ ಆಯಾದು. ಓದು ಬರಹ ಕಡಿಮೆ ಇದ್ದರೂ ಗಡಿಯಾರ ನೋಡಿ ಸಮಯ ಗುರುತು ಹಾಕಲು ಅವರಿಗೆ ಬರುತ್ತದೆ. ಡ್ರಿಲ್ ಮುಗಿದ ಮೇಲೆ ಐದು ನಿಮಿಷ ಕುಳಿತು, ಆ ಬರೆದ ಹಾಳೆಯನ್ನೇ ಓದಿ. ಇಂಜೆಕ್ಷನ್‌ಗೆ ಯಾಕೆ ಎರಡು ನಿಮಿಷ ಹೋಯಿತು? ಫ್ರಿಜ್ ಮೇಲಿನ ಬೀಗ. ಸರಿ, ನಾಳೆಯಿಂದ ಬೀಗ ಬೇಡ. ನಿಜವಾದ ತರಬೇತಿ ಆಗುವುದು ಈ ಐದು ನಿಮಿಷದಲ್ಲಿ.

ಫಿಟ್ಸ್ ಡ್ರಿಲ್‌ಗೆ ಒಂದು ಡಬ್ಬಿ ಸಿದ್ಧ ಮಾಡಿ. ನಮ್ಮಲ್ಲಿ ಬರುವ 50 ಶೇಕಡಾ ಮ್ಯಾಗ್ನೀಷಿಯಂ ಸಲ್ಫೇಟಿನ 2 ಎಂಎಲ್ ಆಂಪೂಲ್‌ನಲ್ಲಿ 1 ಗ್ರಾಂ ಇರುತ್ತದೆ. ಮೇಲಿನ ಆಸ್ಪತ್ರೆಗೆ ಕಳಿಸುವ ಮುಂಚೆ ಕೊಡುವ ಮೊದಲ ಡೋಸ್ 10 ಗ್ರಾಂ. ಪೃಷ್ಠದ ಒಂದೊಂದು ಕಡೆಗೆ 5 ಗ್ರಾಂ, ಅಂದರೆ ಐದೈದು ಆಂಪೂಲ್, ಆಳವಾಗಿ ಸ್ನಾಯುವಿಗೆ. ಡಬ್ಬಿಯಲ್ಲಿ ಹತ್ತು ಆಂಪೂಲ್, ಎರಡು 10 ಎಂಎಲ್ ಸಿರಿಂಜ್, ಉದ್ದ ಸೂಜಿ, ಜೊತೆಗೆ ಡೋಸ್ ಹೆಚ್ಚಾದರೆ ಬೇಕಾಗುವ ಕ್ಯಾಲ್ಸಿಯಂ ಗ್ಲುಕೋನೇಟ್. ಮುಚ್ಚಳದ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ "ಐದು + ಐದು" ಅಂತ ಬರೆಯಿರಿ. ಎಕ್ಸ್‌ಪೈರಿ ತಾರೀಕನ್ನೂ ಹೊರಗೇ ಬರೆಯಿರಿ. ಆ ರಾತ್ರಿ ನಮ್ಮ ಹತ್ತಿರ ಈ ಡಬ್ಬಿ ಇದ್ದಿದ್ದರೆ ಅಂತ ಇವತ್ತಿಗೂ ಅನಿಸುತ್ತದೆ.

ಮಗುವಿಗೆ ಗೊಂಬೆ ಬೇಕು. ಬ್ಯಾಗ್ ಮತ್ತು ಮಾಸ್ಕ್ ಹಿಡಿಯುವುದು ಮಾತಿನಲ್ಲಿ ಬರುವ ವಿದ್ಯೆಯಲ್ಲ. ಒರೆಸಿ, ಬೆಚ್ಚಗೆ ಮಾಡಿ, ಉಸಿರಿಲ್ಲದಿದ್ದರೆ ಹುಟ್ಟಿದ ಒಂದು ನಿಮಿಷದೊಳಗೆ ಮಾಸ್ಕ್ ಕೂರಿಸಿ ನಿಮಿಷಕ್ಕೆ 40ರಿಂದ 60 ಸಲ ಗಾಳಿ ಕೊಡಬೇಕು. ಎದೆ ಏಳುತ್ತಿದೆಯೇ ಅನ್ನುವುದೊಂದೇ ಪರೀಕ್ಷೆ. ಪ್ರತಿ ಸಿಸ್ಟರೂ ತಿಂಗಳಿಗೊಮ್ಮೆ ಗೊಂಬೆಯ ಎದೆ ಏಳಿಸಿ ತೋರಿಸಲಿ.

ಹೆಜ್ಜೆ 4: ಮಾತೂ ತರಬೇತಿಯೇ

ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗು ಆಡುವವರೇ ಹೆಚ್ಚು. ಹಾಸನದಿಂದಲೋ ಉತ್ತರ ಕರ್ನಾಟಕದಿಂದಲೋ ವರ್ಗವಾಗಿ ಬಂದ ಸಿಸ್ಟರ್ "ತಲೆನೋವು ಇದೆಯಾ" ಅಂತ ಕೇಳಿದರೆ ನೋವಿನಲ್ಲಿರುವ ತಾಯಿ ಸುಮ್ನೆ ತಲೆಯಾಡಿಸುತ್ತಾಳೆ. ಅದು ಹೌದೋ ಅಲ್ಲವೋ ಗೊತ್ತಾಗುವುದಿಲ್ಲ. "ತಲನೊಪ್ಪಿ ಉಂದಾ? ಕಳ್ಳು ಮಸಕಗಾ ಉನ್ನಾಯಾ?" ಇಂಥ ಹತ್ತು ಪ್ರಶ್ನೆ ಕನ್ನಡ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕಿ. ವಸಂತನರಸಾಪುರ, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಹಿಂದಿ ಪ್ರಶ್ನೆಗಳೂ ಬೇಕು.

ಮತ್ತೆ, ಬೈಯಬಾರದು. "ಮಾಡ್ಕೊಳ್ಳುವಾಗ ಗೊತ್ತಾಗಲಿಲ್ವಾ" ಅನ್ನುವ ಮಾತು ನಮ್ಮ ಲೇಬರ್ ರೂಮುಗಳಲ್ಲಿ ಎಷ್ಟು ಹಳೆಯದು ಅಂತ ನಮಗೆಲ್ಲ ಗೊತ್ತು. ಅದನ್ನು ಒಮ್ಮೆ ಕೇಳಿದವಳು ಮುಂದಿನ ಸಲ ನೋವು ತಡೆದುಕೊಂಡು ಮನೆಯಲ್ಲೇ ಕೂರುತ್ತಾಳೆ, ಕೊನೆ ಗಳಿಗೆಗೆ ಬರುತ್ತಾಳೆ. ಲೇಬರ್ ರೂಮಿನ ಗುಣಮಟ್ಟ ಹೆಚ್ಚಿಸಲು 2017ರಲ್ಲಿ ಶುರುವಾದ ಲಕ್ಷ್ಯ ಕಾರ್ಯಕ್ರಮದಲ್ಲಿ ಗೌರವದ ಆರೈಕೆಯೂ ಗುಣಮಟ್ಟದ ಒಂದು ಭಾಗ. ತಾಯಿಯೋ ಅಕ್ಕನೋ ಒಬ್ಬರು ಜೊತೆಗಿರಲಿ. ಜೊತೆಗಿದ್ದವರು ರಕ್ತ ಜಾಸ್ತಿ ಹೋಗುತ್ತಿದೆ ಅಂತ ನಮಗಿಂತ ಮುಂಚೆ ಕೂಗಿದ್ದನ್ನು ನಾನೇ ಕಂಡಿದ್ದೇನೆ.

ಹೆಜ್ಜೆ 5: ಪರದೆಗೆ ಹೋಗುವ ಮುಂಚೆ ಕಾಗದ ಸರಿಮಾಡಿ

ಕೆಟ್ಟ ಪುಸ್ತಕವನ್ನು ಕಂಪ್ಯೂಟರಿಗೆ ಹಾಕಿದರೆ ಕೆಟ್ಟ ಕಂಪ್ಯೂಟರ್ ಸಿಗುತ್ತದೆ. ಹೋದ ತಿಂಗಳ ಇಪ್ಪತ್ತು ಪಾರ್ಟೋಗ್ರಾಫ್, ಅಂದರೆ ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ಗುರುತು ಹಾಕುವ ನಕ್ಷೆ, ತೆಗೆದು ಮೇಜಿನ ಮೇಲೆ ಹರಡಿ. ಹೆರಿಗೆ ಆದ ಮೇಲೆ ತುಂಬಿದ್ದು ಯಾವುದು ಅಂತ ಕಣ್ಣಿಗೇ ಕಾಣುತ್ತದೆ. ಒಂದೇ ಪೆನ್ನು, ಒಂದೇ ಕೈಬರಹ, ಚುಕ್ಕಿಗಳು ಸ್ಕೇಲ್ ಇಟ್ಟು ಎಳೆದಷ್ಟು ನೆಟ್ಟಗೆ. ನಿಜವಾದ ಪಾರ್ಟೋಗ್ರಾಫ್‌ನಲ್ಲಿ ಎರಡು ಕೈಬರಹ ಇರುತ್ತದೆ, ಒಂದು ಮೂಲೆಗೆ ಕಲೆ ಇರುತ್ತದೆ, ಗೆರೆ ಎಲ್ಲೋ ಒಂದು ಕಡೆ ನಿಂತು ಮುಂದೆ ಹೋಗಿರುತ್ತದೆ.

ಬಿಪಿಗೂ ಇದೇ ಪರೀಕ್ಷೆ. ಪುಟದ ತುಂಬಾ 110/70, 120/80 ಇದ್ದರೆ ಅಲ್ಲಿ ಅಳತೆ ಆಗಿಲ್ಲ. 118, 126, 134 ಬರಬೇಕು.

ಆಮೇಲೆ ಕೇಸ್ ಶೀಟನ್ನು ಒಂದು ಹಾಳೆಗೆ ಇಳಿಸಿ. ಮುಖಪುಟದ ಮೇಲ್ಭಾಗದಲ್ಲೇ ಕೊನೆ ಮುಟ್ಟಿನ ದಿನ, ಎಚ್‌ಬಿ (ಹಿಮೋಗ್ಲೋಬಿನ್), ಬಿಪಿ, ರಕ್ತದ ಗುಂಪು, ಹಿಂದಿನ ಹೆರಿಗೆ ಸಿಸೇರಿಯನ್ ಆಗಿದೆಯಾ ಅನ್ನುವುದು, ಮನೆಯವರ ಎರಡು ಫೋನ್ ನಂಬರ್. ಗಂಡನ ನಂಬರ್ ಒಂದೇ ಸಾಲದು, ತವರಿನ ನಂಬರೂ ಬೇಕು.

ಐವಿ ದ್ರಾವಣ, ಇಂಜೆಕ್ಷನ್‌ಗಳ ಬ್ಯಾಚ್ ನಂಬರ್‌ಗೂ ಒಂದು ಸಾಲು ಇರಲಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಐವಿ ದ್ರಾವಣದ ಮೇಲೆ ಅನುಮಾನ ಬಂತು. ಅಂಥ ಹೊತ್ತಿನಲ್ಲಿ ಯಾವ ಬಾಟಲಿ ಯಾರಿಗೆ ಹೋಗಿದೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾದರೆ ಉಳಿದವರನ್ನು ಕಾಪಾಡಬಹುದು. ಬ್ಯಾಚ್ ಬರೆಯುವುದು ಸ್ಟೋರಿನವರ ಕೆಲಸ ಅಂತ ಬಿಡಬೇಡಿ.

ಹೆಜ್ಜೆ 6: ಈಗ ಪರದೆ

ತಾಯಿಗೆ ಒಂದೇ ಗುರುತು ಇರಲಿ. ಆರ್‌ಸಿಎಚ್ ನಂಬರ್ 12 ಅಂಕೆಯದ್ದು, ಬಸುರಿಯ ನೋಂದಣಿಯಾದಾಗಲೇ ಸಿಗುತ್ತದೆ, ತಾಯಿ ಕಾರ್ಡಿನ ಮೇಲಿರುತ್ತದೆ. ಆಭಾ ಅನ್ನುವ ಡಿಜಿಟಲ್ ಆರೋಗ್ಯ ಖಾತೆಯ ನಂಬರ್ 14 ಅಂಕೆಯದ್ದು, ಅದಕ್ಕೆ ಅವಳ ಒಪ್ಪಿಗೆ ಬೇಕು. ಆಭಾ ಇಲ್ಲ ಅಂತ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಆಸ್ಪತ್ರೆಯ ತಂತ್ರಾಂಶ ಯಾವುದೇ ಇರಲಿ, ಆರ್‌ಸಿಎಚ್ ನಂಬರ್ ಹಾಕಿದರೆ ತಾಯಿಯ ಹಿಂದಿನ ತಪಾಸಣೆ ಕಾಣುವಂತಿರಬೇಕು. ಹಳ್ಳಿಯಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿಗಳ ಟ್ಯಾಬ್‌ನಲ್ಲಿರುವ ಅನ್ಮೋಲ್ ಆ್ಯಪ್ ನೆಟ್‌ವರ್ಕ್ ಇಲ್ಲದಿದ್ದರೂ ಬರೆದಿಟ್ಟುಕೊಂಡು, ನೆಟ್‌ವರ್ಕ್ ಸಿಕ್ಕಾಗ ಪೋರ್ಟಲ್‌ಗೆ ಕಳಿಸುತ್ತದೆ. ಹಾಗಾಗಿ ಅವರಿಗೆ ವಾರಕ್ಕೊಂದು ದಿನವಾದರೂ ಸಿಂಕ್ ಮಾಡಿಸಿ. ಟ್ಯಾಬ್‌ನಲ್ಲೇ ಕೂತ ಬಿಪಿ, ರಿಜಿಸ್ಟರ್‌ನಲ್ಲಿ ಕೂತ ಬಿಪಿಗಿಂತ ಯಾವ ರೀತಿಯಲ್ಲೂ ಮೇಲಲ್ಲ.

ಟ್ಯಾಬ್ ಎಲ್ಲಿರಬೇಕು? ಆಫೀಸಿನಲ್ಲಲ್ಲ, ಹೆರಿಗೆ ಟೇಬಲ್ಲಿಗೆ ಎರಡು ಹೆಜ್ಜೆ ದೂರದಲ್ಲಿ, ಗೋಡೆಗೆ ಹಿಡಿಸಿದ ಸ್ಟ್ಯಾಂಡಿನಲ್ಲಿ. ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಕವರ್ ಹಾಕಿ, ಒರೆಸಲು ಬರುವಂತೆ. ಯುಪಿಎಸ್ ಇರಲಿ. ಕರೆಂಟು, ನೆಟ್ ಹೋದಾಗ ಬರೆಯಲು ಅದೇ ಸಾಲುಗಳಿರುವ ಕಾಗದ ಪಕ್ಕದಲ್ಲೇ ಇರಲಿ.

ಪ್ರತಿಯೊಬ್ಬರಿಗೂ ಸ್ವಂತ ಲಾಗಿನ್ ಕೊಡಿ. ಒಂದೇ ಪಾಸ್‌ವರ್ಡನ್ನು ಮಾನಿಟರ್ ಮೇಲೆ ಚೀಟಿ ಅಂಟಿಸಿ ಎಲ್ಲರೂ ಬಳಸಿದರೆ, ಯಾರು ಯಾವಾಗ ಏನು ನೋಡಿದರು ಅನ್ನುವುದೇ ಮಾಯ. ನಾಡಿ ನೋಡಿದ ಸಮಯ, ಎಂಟ್ರಿ ಮಾಡಿದ ಸಮಯ ಎರಡೂ ದಾಖಲಾಗಲಿ. ಅವೆರಡರ ನಡುವಿನ ಅಂತರ ಅರ್ಧ ಗಂಟೆ ದಾಟಿದರೆ, ಅಲ್ಲಿ ಜನ ಕಡಿಮೆ ಇದ್ದಾರೆ ಅಥವಾ ಫಾರ್ಮ್ ಉದ್ದ ಇದೆ ಅಂತ ತಿಳಿಯಿರಿ. ಸಿಸ್ಟರ್‌ಗೆ ಮೆಮೊ ಕೊಡುವ ಮುಂಚೆ ಫಾರ್ಮ್ ಚಿಕ್ಕದು ಮಾಡಿ.

ಅತಿ ಮುಖ್ಯವಾದದ್ದು: ಕಾಗದ ಮತ್ತು ಪರದೆ ಎರಡರಲ್ಲೂ ಬರೆಯುವ ಕಾಲಕ್ಕೆ ಒಂದು ಕೊನೆ ದಿನ ಇರಲಿ. ಎರಡು ತಿಂಗಳು ಸಾಕು. ಆಮೇಲೆ ಯಾವ ಯಾವ ಪುಸ್ತಕ ನಿಲ್ಲಿಸಬಹುದು ಅಂತ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಿಂದ ಲಿಖಿತವಾಗಿ ತನ್ನಿ. ಬಾಯಿಮಾತಿನ ಅನುಮತಿ ನಂಬಿ ಯಾವ ಸಿಸ್ಟರೂ ಪುಸ್ತಕ ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು. ನಾಳೆ ಆಡಿಟ್ ಬಂದರೆ ಉತ್ತರ ಹೇಳಬೇಕಾದವರು ಅವರೇ. ಎಷ್ಟೋ ಕಡೆ ಡಿಜಿಟಲ್ ಕೆಲಸ ಸೋತಿರುವುದು ತಂತ್ರಾಂಶದಿಂದಲ್ಲ, ಹನ್ನೊಂದರ ಜೊತೆ ಹನ್ನೆರಡನೆಯದಾಗಿ ಅದನ್ನು ಸೇರಿಸಿದ್ದರಿಂದ.

ಹೆಜ್ಜೆ 7: ತವರಿನ ಪಟ್ಟಿ

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲೇ. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ಹೊರಡುತ್ತಾರೆ. ಪಾವಗಡದವಳು ಮಡಕಶಿರಾಕ್ಕೆ, ಗೌರಿಬಿದನೂರಿನವಳು ಹಿಂದೂಪುರಕ್ಕೆ, ಮುಳಬಾಗಿಲಿನವಳು ಪುಂಗನೂರಿಗೆ. ಹಾಗೇ ಅಲ್ಲಿಂದ ಇಲ್ಲಿಗೂ ಬರುತ್ತಾರೆ. ರಾಜ್ಯದ ಗಡಿ ದಾಟಿದ ಕೂಡಲೇ ಅವಳ ಆರೋಗ್ಯದ ಚರಿತ್ರೆ ಹಿಂದೆಯೇ ಉಳಿಯುತ್ತದೆ. ಅಪಾಯ ಜಾಸ್ತಿ ಇರುವ ಕೊನೆಯ ಎರಡು ತಿಂಗಳಲ್ಲೇ ಹೀಗಾಗುತ್ತದೆ ಅಲ್ವಾ.

ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ನಡೆಯುತ್ತದೆ. ಆ ದಿನವೇ ಒಂದು ಪ್ರಶ್ನೆ ಸೇರಿಸಿ: "ಹೆರಿಗೆಗೆ ಎಲ್ಲಿಗೆ ಹೋಗ್ತೀಯಮ್ಮ?" ಉತ್ತರವನ್ನು ಪೋರ್ಟಲ್‌ನಲ್ಲಿ ಅಥವಾ ಒಂದು ಸರಳ ಪಟ್ಟಿಯಲ್ಲಿ ಹಾಕಿ. ಅಪಾಯದ ಗುರುತು ಇರುವವರ ಹೆಸರು ಕೆಂಪಿನಲ್ಲಿ ಬರಲಿ. ಬಿಪಿ 140/90 ಅಥವಾ ಮೇಲೆ, ಎಚ್‌ಬಿ 7ಕ್ಕಿಂತ ಕಡಿಮೆ, ಹಿಂದೆ ಸಿಸೇರಿಯನ್, ಅವಳಿ, ಸಕ್ಕರೆ ಕಾಯಿಲೆ. ಕೆಂಪು ಹೆಸರಿನವರು ತವರಿಗೆ ಹೊರಟರೆ ಇಲ್ಲಿನ ಆಶಾ ಅಕ್ಕ ಅಲ್ಲಿನ ಆಶಾ ಅಕ್ಕನಿಗೆ ಫೋನ್ ಮಾಡಬೇಕು. ಯಾವ ತಂತ್ರಾಂಶ ಬಂದರೂ ಈ ಫೋನ್ ಬೇಕೇ ಬೇಕು. ತಾಯಿ ಕಾರ್ಡಿನ ಎರಡೂ ಮುಖದ ಫೋಟೊ ಅವಳ ಮೊಬೈಲಿನಲ್ಲೇ ತೆಗೆದುಕೊಡಿ. ಕಾರ್ಡ್ ಮರೆತರೂ ಮೊಬೈಲ್ ಯಾರೂ ಮರೆಯುವುದಿಲ್ಲ.

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಕೆಲಸಕ್ಕೆ ಹೋಗುವ ಹೆಂಗಸರು ಬೆಳಗಿನ ತಪಾಸಣೆಗೆ ಬರುವುದು ಕಷ್ಟ. ಒಂದು ದಿನದ ಕೂಲಿ ಹೋಗುತ್ತದೆ. ಅವರಿಗೆ ಸಂಜೆ ಸಮಯ ಇಡಿ. ಪಟ್ಟಿಯಲ್ಲಿ "ಬರಲಿಲ್ಲ" ಅಂತ ಗುರುತು ಹಾಕಿ ಕೈತೊಳೆದುಕೊಳ್ಳಬೇಡಿ.

ಹೆಜ್ಜೆ 8: ರೆಫರ್ ಮಾಡಿದ ಮೇಲೂ ಅವಳು ನಮ್ಮವಳೇ

ಪಾವಗಡದಿಂದ ತುಮಕೂರು ಸುಮಾರು 100 ಕಿಲೋಮೀಟರ್. ಆ ದಾರಿಯಲ್ಲಿ ಕಳೆಯುವ ಹೊತ್ತನ್ನು ನಾವು ಕಡಿಮೆ ಮಾಡಲಾಗದು. ಹೊರಡುವ ಮುಂಚಿನ, ತಲುಪಿದ ಮೇಲಿನ ಹೊತ್ತನ್ನು ಮಾಡಬಹುದು. 108 ಹತ್ತುವ ಮುಂಚೆ ಫೋನ್ ಮಾಡಿ ಮೂರು ವಿಷಯ ಕೇಳಿ: ಅರಿವಳಿಕೆ ವೈದ್ಯರು ಇದ್ದಾರಾ, ಅವಳ ಗುಂಪಿನ ರಕ್ತ ಇದೆಯಾ, ಮಂಚ ಇದೆಯಾ. ಫೋನ್ ಎತ್ತಿದವರ ಹೆಸರು, ಸಮಯ ಎರಡೂ ದಾಖಲೆಗೆ ಹೋಗಲಿ. ಏನು ಕೊಟ್ಟಿದ್ದೀರಿ, ಎಷ್ಟು ಗಂಟೆಗೆ ಅಂತ ರೆಫರಲ್ ಚೀಟಿಯಲ್ಲಿ ಬರೆಯಿರಿ. ಮ್ಯಾಗ್ನೀಷಿಯಂ ಕೊಟ್ಟಿದ್ದು ಬರೆಯದೆ ಹೋದರೆ ಅಲ್ಲಿ ಮತ್ತೆ ಕೊಡುತ್ತಾರೆ, ಉಸಿರಾಟಕ್ಕೇ ಅಪಾಯ. ಮರುದಿನ ಬೆಳಿಗ್ಗೆ ನೀವೇ ಫೋನ್ ಮಾಡಿ ತಾಯಿ, ಮಗು ಹೇಗಿದ್ದಾರೆ ಅಂತ ಕೇಳಿ ಆ ಸಾಲನ್ನು ತುಂಬಿ. ನಮ್ಮ ದಾಖಲೆಗಳಲ್ಲಿ "ರೆಫರ್ಡ್" ಅನ್ನುವ ಪದದ ಮುಂದೆ ಎಷ್ಟು ಖಾಲಿ ಜಾಗ ಇದೆ ಅಂತ ಒಮ್ಮೆ ನೋಡಿ.

ಹೆಜ್ಜೆ 9: ತಿಂಗಳಿಗೊಂದು ಕೂಟ

ತಿಂಗಳ ಮೊದಲ ಶನಿವಾರ, ಒಂದು ಗಂಟೆ. ಡಾಕ್ಟರ್, ಸಿಸ್ಟರ್, ಲ್ಯಾಬಿನವರು, ಆಯಾ, ಆಪರೇಟರ್ ಎಲ್ಲರೂ. ಹತ್ತು ದಾಖಲೆ ಚೀಟಿ ಎತ್ತಿ ಆರಿಸಿ. ಆಕ್ಸಿಟೋಸಿನ್ ಒಂದು ನಿಮಿಷದಲ್ಲಿ ಹೋಯಿತಾ? ಹೆತ್ತ ಮೊದಲ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ನಾಡಿ, ಬಿಪಿ ನೋಡಿದರಾ? ಬಿಪಿ ಜಾಸ್ತಿ ಇದ್ದವರಿಗೆ ಏನು ಮಾಡಿದರು? ಹತ್ತರಲ್ಲಿ ಎಷ್ಟು ಅಂತ ಬೋರ್ಡಿಗೆ ಬರೆಯಿರಿ. ಎಲ್ಲಕ್ಕಿಂತ ಕಡಿಮೆ ಬಂದದ್ದೇ ಮುಂದಿನ ತಿಂಗಳ ಮಂಗಳವಾರ, ಶುಕ್ರವಾರದ ವಿಷಯ.

ಸ್ವಲ್ಪದರಲ್ಲಿ ಉಳಿದ ತಾಯಿಯ ಕತೆಯೊಂದನ್ನೂ ಮಾತಾಡಿ. ಇಲ್ಲಿ ಯಾರ ಹೆಸರೂ ಹಿಡಿದು ದೂರಬಾರದು. "ಯಾರು ಮಾಡಿದ್ದು" ಅಂತ ಕೇಳಿದ ದಿನವೇ ದಾಖಲೆಗಳಲ್ಲಿ ಮತ್ತೆ 120/80 ಶುರುವಾಗುತ್ತದೆ. ಇದು ನಾನು ಎರಡು ಕಡೆ ಕಣ್ಣಾರೆ ನೋಡಿದ್ದು.

ಹೆಜ್ಜೆ 10: ಕಾರ್ಡ್ ಇಲ್ಲದೆ ಬಂದವರು

2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ನಡೆದದ್ದನ್ನು ಯಾರೂ ಮರೆತಿಲ್ಲ. ತುಂಬು ಗರ್ಭಿಣಿಯೊಬ್ಬರನ್ನು ಕಾರ್ಡ್ ಇಲ್ಲ ಅಂತ ವಾಪಸ್ ಕಳಿಸಿದರು. ಅವರು ಮನೆಯಲ್ಲೇ ಹೆತ್ತು, ಅವಳಿ ಕೂಸುಗಳ ಜೊತೆ ತೀರಿಕೊಂಡರು. ದಾಖಲೆಯ ಬಗ್ಗೆ ಇಷ್ಟೆಲ್ಲ ಬರೆಯುವಾಗ ನನ್ನ ಎದೆಯಲ್ಲಿ ಇದೊಂದು ಭಾರ ಇದ್ದೇ ಇರುತ್ತದೆ.

ಹಾಗಾಗಿ ತಂತ್ರಾಂಶದಲ್ಲಿ ಹೆಸರು, ನಂಬರ್ ಏನೂ ಇಲ್ಲದೆ ಒಂದೇ ಒತ್ತಿಗೆ ದಾಖಲು ಮಾಡಿಕೊಳ್ಳುವ ಬಟನ್ ಇರಬೇಕು. ಮೊದಲು ಟೇಬಲ್ ಮೇಲೆ ಮಲಗಿಸಿ, ಬಿಪಿ ನೋಡಿ, ಮಗುವಿನ ಎದೆಬಡಿತ ಕೇಳಿ. ಆಧಾರ್, ಬ್ಯಾಂಕ್ ಖಾತೆ ಎಲ್ಲ ಆಮೇಲೆ, ಹೆರಿಗೆಯಾದ ಮರುದಿನವೂ ಆಗುತ್ತದೆ. ಇದನ್ನು ಗೇಟಿನ ಸೆಕ್ಯುರಿಟಿಯವರಿಗೂ, ಒಪಿಡಿ ಚೀಟಿ ಕೊಡುವವರಿಗೂ ಡ್ರಿಲ್ ಮಾಡಿಸಿ. ಒಬ್ಬ ಸಿಸ್ಟರ್ ಕಾರ್ಡ್ ಇಲ್ಲದ ಬಸುರಿಯಾಗಿ ಗೇಟಿನಿಂದ ನಡೆದು ಬರಲಿ, ಲೇಬರ್ ರೂಮ್ ತಲುಪಲು ಎಷ್ಟು ನಿಮಿಷ ಆಯಿತು, ಎಷ್ಟು ಜನ ತಡೆದರು ಅಂತ ಬರೆಯಿರಿ.

ಗುಟ್ಟಿನ ವಿಷಯವೂ ಇಲ್ಲೇ ಬರುತ್ತದೆ. ಎಚ್‌ಐವಿ ಫಲಿತಾಂಶ, ಹಿಂದಿನ ಗರ್ಭಪಾತ ಇಂಥವು ಎಲ್ಲರ ಲಾಗಿನ್‌ಗೂ ಕಾಣಬಾರದು. ಕೇಸ್ ಶೀಟಿನ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸ ನಿಲ್ಲಿಸಿ. ಡಾಕ್ಟರ ಸಲಹೆ ಬೇಕಿದ್ದರೆ ಅವರಿಗೊಬ್ಬರಿಗೇ, ಹೆಸರು ಮುಚ್ಚಿ ಕಳಿಸಿ. ಚಿಕ್ಕ ಊರು, ಒಂದು ಫೋಟೊ ಸಂಜೆಯೊಳಗೆ ಅವಳ ಗಂಡನ ಮನೆ ಮುಟ್ಟುತ್ತದೆ.

ಹೆಜ್ಜೆ 11: ವರ್ಗಾವಣೆಗೆ ಮುಂಚೆಯೇ ಸಿದ್ಧರಾಗಿ

ನೀವು ಕಷ್ಟಪಟ್ಟು ಕಲಿಸಿದ ಸಿಸ್ಟರ್ ಜೂನ್‌ನಲ್ಲಿ ವರ್ಗವಾಗಿ ಹೋಗುತ್ತಾರೆ. ಗುತ್ತಿಗೆಯವರ ಅವಧಿ ಮುಗಿಯುತ್ತದೆ. ಅದಕ್ಕೇ ಒಬ್ಬರ ಮೇಲೆ ಎಲ್ಲ ಭಾರ ಹಾಕಬೇಡಿ, ಪ್ರತಿ ಶಿಫ್ಟಿನಲ್ಲೂ ಹೇಳಿಕೊಡುವವರು ಒಬ್ಬೊಬ್ಬರು ಇರಲಿ. ಹೊಸಬರು ಬಂದ ಮೊದಲ ದಿನ ಅವರಿಗೆ ಪುಸ್ತಕ ಕೊಡಬೇಡಿ, ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿ. ಫ್ರಿಜ್ ಇಲ್ಲಿ. ಬ್ಯಾಗ್, ಮಾಸ್ಕ್ ಇಲ್ಲಿ. ಟ್ಯಾಬ್ ಇಲ್ಲಿ, ನಿಮ್ಮ ಲಾಗಿನ್ ಇದು. ಆ ಡಬ್ಬಿ ತೆಗೆದು ಅವರ ಕೈಗೆ ಕೊಟ್ಟು, ಹತ್ತು ಆಂಪೂಲ್ ಅವರಿಂದಲೇ ಎಣಿಸಿ, ಐದು ಈ ಕಡೆ, ಐದು ಆ ಕಡೆ.